ಒಕ್ಕಲು: ಸಂಸ್ಕೃತಿಗೆ ಕಪಿಲೆ ದಡದ ಹೆಸರು

ಹುಲ್ಲಹಳ್ಳಿ, ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ನೆಂಟಸ್ತಿಕೆಯ ಮಾತು ಶುರುವಾದಾಗ ‘ನೀವು ಯಾವ ದೇವರ ಒಕ್ಕಲು?’ ಎಂದು ಕೇಳುವುದುಂಟು. ಮಾದಪ್ಪನ ಒಕ್ಕಲೋ, ಸಿದ್ದಪ್ಪಾಜಿ ಒಕ್ಕಲೋ, ನಂಜುಂಡನ ಒಕ್ಕಲೋ ತಿಳಿದರೆ, ಆ ಮನೆಯವರು ಯಾವ ಜಾತ್ರೆಗೆ ಹೋಗುತ್ತಾರೆ, ಮಗುವಿನ ಮುಡಿ ಎಲ್ಲಿ ಕೊಡುತ್ತಾರೆ, ಯಾರ ಕಥೆ ಕೇಳಿ ಬೆಳೆದಿದ್ದಾರೆ ಎಂಬುದು ಅರ್ಧ ತಿಳಿದಂತೆಯೇ.

‘ಕಲ್ಚರ್’ ಪದದ ಬೇರು ಲ್ಯಾಟಿನ್ನಿನ ‘ಕೊಲೆರೆ’. ಉಳು, ನೆಲೆಸು, ಪೂಜಿಸು ಎಂಬ ಮೂರೂ ಅರ್ಥ ಅದಕ್ಕಿತ್ತು. ಕ್ರಿ.ಪೂ. 45ರಲ್ಲಿ ಸಿಸೆರೊ ತತ್ತ್ವಚಿಂತನೆಯನ್ನು ಮನಸ್ಸಿನ ಬೇಸಾಯವೆಂದ. 1871ರಲ್ಲಿ ಎಡ್ವರ್ಡ್ ಟೈಲರ್ ನಂಬಿಕೆ, ಕಲೆ, ಕಾನೂನು, ರೂಢಿಗಳನ್ನೆಲ್ಲ ಅದೊಂದೇ ಪದದೊಳಗೆ ತಂದ. 1952ರ ಹೊತ್ತಿಗೆ ಕ್ರೋಬರ್ ಮತ್ತು ಕ್ಲಕ್‌ಹಾನ್ 164 ವ್ಯಾಖ್ಯೆಗಳನ್ನು ಕಲೆಹಾಕಿದ್ದರು. ಆಗ ಹೊಲ ಎಲ್ಲಿ ಹೋಗಿತ್ತೋ! ನಾವು ‘ಕಲ್ಚರ್’ಗೆ ‘ಸಂಸ್ಕೃತಿ’ಯನ್ನು ಆರಿಸಿಕೊಂಡೆವು. ಅದು ಸಂಸ್ಕಾರದ ಒಡಹುಟ್ಟು, ತಿದ್ದಿ ತೀಡಿದ್ದು ಎಂಬ ಅರ್ಥ ಅದರಲ್ಲೇ ಇದೆ. ‘ಸಂಸ್ಕಾರವಿಲ್ಲದವನು’ ಎಂಬ ಬೈಗುಳವೂ ಅದರ ಬೆನ್ನಿಗೇ ಬಂತು.

ಒಕ್ಕಲು ಹಾಗಲ್ಲ. ಉತ್ತು ಬಿತ್ತುವುದು ಒಕ್ಕಲುತನ. ಇದ್ದ ನೆಲೆಯಿಂದ ಕಿತ್ತುಹಾಕಿದರೆ ಒಕ್ಕಲೆಬ್ಬಿಸಿದರು ಎನ್ನುತ್ತೇವೆ. ದೇವರಿಗೆ ನಡೆದುಕೊಳ್ಳುವವರೂ ಒಕ್ಕಲೇ. ಲ್ಯಾಟಿನ್ನಿಗೂ ಈ ಪದಕ್ಕೂ ನಂಟಿಲ್ಲ. ಆದರೂ ಅದೇ ಮೂರು ಅರ್ಥ ಇಲ್ಲಿಯೂ ಒಂದೇ ಗಂಟಿನಲ್ಲಿವೆ. ಹುಲ್ಲಹಳ್ಳಿಯ ಅಣೆಯಿಂದ ಹುಲ್ಲಹಳ್ಳಿ ನಾಲೆಗೆ, ರಾಂಪುರ ನಾಲೆಗೆ ತಿರುಗಿ ಗದ್ದೆಗೆ ಹೋಗುವ ಕಪಿಲೆ ಹೊಳೆಯೇ ಕೆಳಗೆ ನಂಜನಗೂಡಿನ ಸ್ನಾನಘಟ್ಟದಲ್ಲಿ ತೀರ್ಥ.

ಅಲ್ಲಿನ ದೇವರನ್ನೇ ನೋಡಿ. ಗುಡಿಯ ಹೆಸರು ಶ್ರೀಕಂಠೇಶ್ವರ. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆದಾಗ ಪಾರ್ವತಿಗೂ ಒಂದು ತೇರು. ಹಾಡುವವರ ಬಾಯಲ್ಲಿ ಅವನು ನಂಜುಂಡ: ಮನೆಯಲ್ಲಿ ಹೆಂಡತಿ ದೇವೀರಿಯನ್ನು ಇಟ್ಟುಕೊಂಡು ಬೆಟ್ಟದ ಚಾಮುಂಡಿಗೆ ಮನಸೋತವನು. ಸವತಿಯರ ಜಗಳ, ಅವನ ಸುಳ್ಳು, ಸಿಕ್ಕಿಬೀಳುವುದು, ಎಲ್ಲವೂ ಆ ಹಾಡಿನಲ್ಲಿವೆ. ಪುರಾಣದ ಮಹಿಷಮರ್ದಿನಿಯನ್ನು ಹೀಗೆ ನೆರೆಮನೆಯವಳನ್ನಾಗಿ ಮಾಡಿದ್ದನ್ನು ಕೆಲವರು ಕೀಳು ಅಭಿರುಚಿ ಎಂದಾರು. ನನಗೆ ಹಾಗನ್ನಿಸುವುದಿಲ್ಲ. ಸಂಸಾರದ ತಾಪತ್ರಯ ಗೊತ್ತಿರುವ ದೇವರ ಮುಂದೆ ಕಷ್ಟ ಹೇಳಿಕೊಳ್ಳುವುದು ಸುಲಭ. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿದ ಐತಿಹ್ಯದಲ್ಲಿ ಇದೇ ನಂಜುಂಡ ‘ಹಕೀಂ ನಂಜುಂಡ’ನೂ ಆದ.

ಆದರೆ ಈ ಪದವನ್ನು ಮುದ್ದಿಸುವಂತೆಯೂ ಇಲ್ಲ. ಉಳುವ ಒಕ್ಕಲಿನ ಮನೆಯಲ್ಲಿ ಜೀತಕ್ಕಿದ್ದವನನ್ನು ಯಾರೂ ಒಕ್ಕಲು ಎನ್ನಲಿಲ್ಲ. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದಾಗ ಬೇರೆ ಕಡೆಯ ಓದುಗರು ತಡವರಿಸಿದರು, ಎಲ್. ಬಸವರಾಜು ಅದನ್ನು ಪದ್ಯದ ಸಾಲುಗಳಾಗಿ ಜೋಡಿಸಿ ಓದಿ ತೋರಿಸಬೇಕಾಯಿತು. ಕಷ್ಟವಾದದ್ದು ಬರೀ ಪದಗಳಲ್ಲ, ಜೀತದವನ ಕಡೆಯಿಂದ ನೋಡುವ ಆ ಕಣ್ಣು.

ನೆಲವಿಲ್ಲದವನಿಗೆ ಉಳಿದದ್ದು ಮೂರನೆಯ ಅರ್ಥ, ದೇವರ ಒಕ್ಕಲು. ತಂಬೂರಿ ಹಿಡಿದ ನೀಲಗಾರರ ಕಥೆಯಲ್ಲಿ ಅವರ ದೇವರು ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಕೊಳಕು ಭಿಕ್ಷುಕನ ವೇಷದಲ್ಲಿ. ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ, ಅವನು ತಿಪ್ಪೆಯಲ್ಲಿ ಬೀಳುತ್ತಾನೆ. ವಚನ ಓದಿದವರು ಕಲ್ಯಾಣವನ್ನು ಮಹಾಮನೆಯ ಒಳಗಿನಿಂದ ಕಂಡರೆ, ಮಂಟೇಸ್ವಾಮಿಯ ಒಕ್ಕಲು ಅದನ್ನು ನೋಡುವುದು ಆ ತಿಪ್ಪೆಯ ಕಡೆಯಿಂದ.