ಆಂಗ್ಲಿಕನ್ ಪ್ಯಾರಿಷಿನಲ್ಲಿ ಶರತ್ಕಾಲದ ಸುಗ್ಗಿ ಹಬ್ಬ: ಒಂದು ಚಾರಿತ್ರಿಕ ವಿವೇಚನೆ

ಇಂಗ್ಲೆಂಡಿನ ಹಳ್ಳಿಯ ಆಂಗ್ಲಿಕನ್ ಚರ್ಚನ್ನು ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್ ಮೊದಲಲ್ಲೋ ಹೊಕ್ಕವರಿಗೆ ಅಲ್ಲಿ ಗೋಧಿಯ ಸಿವುಡುಗಳೂ ಸೇಬಿನ ರಾಶಿಗಳೂ ಕಾಣಸಿಗುವುದುಂಟು. ತೆನೆಯ ಕಟ್ಟಿನ ಆಕಾರದಲ್ಲಿ ಸುಟ್ಟ ದೊಡ್ಡ ರೊಟ್ಟಿಯೊಂದು ವೇದಿಕೆಯ ಬಳಿ ಇರುವುದುಂಟು. ಆರಾಧನೆ ಮುಗಿದ ಬಳಿಕ ಊರವರು ಒಂದೆಡೆ ಕುಳಿತು ಊಟಮಾಡುತ್ತಾರೆ. ಈ ಹಬ್ಬವನ್ನು ಕಂಡವರು ಅದು ಕ್ರೈಸ್ತಧರ್ಮದಷ್ಟೇ ಹಳೆಯದೆಂದು, ಒಂದು ವೇಳೆ ಅದಕ್ಕಿಂತಲೂ ಪ್ರಾಚೀನವೆಂದು ಭಾವಿಸುವುದು ಸಹಜ. ಸುಗ್ಗಿಯ ಸಂತೋಷವೇನೋ ಪ್ರಾಚೀನವೇ. ಆದರೆ ಚರ್ಚಿನೊಳಗೆ ನಡೆಯುವ ಆರಾಧನೆಯಾಗಿ, ಇಡೀ ಪ್ಯಾರಿಷಿನ ಸಮಾರಂಭವಾಗಿ ಈ ಹಬ್ಬ ಈಗಿನ ರೂಪವನ್ನು ತಳೆದದ್ದು 19ನೆಯ ಶತಮಾನದ ಮಧ್ಯಭಾಗದಲ್ಲಿ. ಆ ಕಾಲದಲ್ಲಿಯೇ ಅದು ಏಕೆ ಹುಟ್ಟಿತು, ಹಳ್ಳಿಯ ಜನರ ಅನ್ಯೋನ್ಯತೆಗೆ ಅದು ಏನನ್ನು ಕೊಟ್ಟಿತು, ಏನನ್ನು ಕೊಡಲಾರದೆ ಹೋಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸಲು ಯತ್ನಿಸುತ್ತೇವೆ.

ಮೊದಲು ಪ್ಯಾರಿಷ್ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಅದು ಒಬ್ಬ ಪಾದ್ರಿಯ ಆಧ್ಯಾತ್ಮಿಕ ಪಾಲನೆಗೆ ಒಳಪಟ್ಟ ಸೀಮೆ ಮಾತ್ರವಾಗಿರಲಿಲ್ಲ. ಬಹುಕಾಲ ಅದು ಆಡಳಿತದ ಘಟಕವೂ ಆಗಿದ್ದಿತು. ‘ವೆಸ್ಟ್ರಿ’ ಎಂಬ ಪ್ಯಾರಿಷಿನ ಸಭೆಯಲ್ಲಿ ಪ್ರಾರ್ಥನೆಯ ವ್ಯವಸ್ಥೆಯ ಜೊತೆಗೆ ದಾರಿ ರಿಪೇರಿಯ ಮಾತೂ ನಡೆಯುತ್ತಿತ್ತು. 1601ರ ಬಡವರ ಕಾನೂನಿನಂತೆ ಪ್ಯಾರಿಷಿನ ದಿಕ್ಕಿಲ್ಲದವರನ್ನು ಪೋಷಿಸುವ ಹೊಣೆ ಪ್ಯಾರಿಷಿನದೇ. ಬೆಳೆಯ ಹತ್ತನೆಯ ಒಂದು ಪಾಲು ದಶಮಾಂಶವೆಂಬ ಹೆಸರಿನಲ್ಲಿ ಸಭೆಗೆ ಸಲ್ಲಬೇಕಾಗಿತ್ತು. ಹೀಗೆ ಒಂದೇ ಪ್ಯಾರಿಷಿಗೆ ಸೇರಿದವರೆಂಬ ಮಾತಿಗೆ ಕೂಡಿ ಪ್ರಾರ್ಥಿಸುವವರು ಎಂಬ ಅರ್ಥವೊಂದೇ ಅಲ್ಲ, ಅನ್ನದಲ್ಲಿಯೂ ಋಣದಲ್ಲಿಯೂ ಕೂಡಿದವರು ಎಂಬ ಅರ್ಥವೂ ಇದ್ದಿತು.

ಈ ಸಮುದಾಯದ ಶರತ್ಕಾಲಕ್ಕೆ ತನ್ನದೇ ಆದ ಪಂಚಾಂಗವಿತ್ತು. ಆಗಸ್ಟ್ 1ರಂದು ‘ಲ್ಯಾಮಸ್’ ದಿನ. ಆಂಗ್ಲೋ-ಸ್ಯಾಕ್ಸನ್ ಭಾಷೆಯಲ್ಲಿ ಈ ಮಾತಿಗೆ ‘ರೊಟ್ಟಿಯ ಆರಾಧನೆ’ ಎಂದು ಅರ್ಥ. ಸೆಪ್ಟೆಂಬರ್ 29ರಂದು ಸಂತ ಮೈಕೇಲನ ದಿನ; ಅಂದು ಗೇಣಿ ಸಲ್ಲಬೇಕು, ಹಳೆಯ ಲೆಕ್ಕ ತೀರಬೇಕು. ಅದರ ಆಸುಪಾಸಿನಲ್ಲಿ ಆಳುಗಳನ್ನು ವರ್ಷಕ್ಕೆ ಗೊತ್ತುಮಾಡಿಕೊಳ್ಳುವ ಜಾತ್ರೆಗಳು ಸೇರುತ್ತಿದ್ದವು. ನವೆಂಬರ್ 1ರಂದು ಸರ್ವಸಂತರ ದಿನ, 11ರಂದು ಸಂತ ಮಾರ್ಟಿನನ ದಿನ. ಇವುಗಳ ನಡುವೆ, ನವೆಂಬರ್ 5ರಂದು, 1605ರ ಕೋವಿಮದ್ದಿನ ಸಂಚು ಬಯಲಾದುದರ ಸ್ಮರಣೆಯಲ್ಲಿ ಚರ್ಚಿನ ಗಂಟೆಗಳು ಮೊಳಗುತ್ತಿದ್ದವು, ಬೀದಿಯಲ್ಲಿ ಬೆಂಕಿಯ ರಾಶಿ ಉರಿಯುತ್ತಿತ್ತು. ಆ ದಿನಕ್ಕೆಂದೇ ವಿಶೇಷ ಆರಾಧನಾ ಕ್ರಮವೊಂದು ಸಾಮಾನ್ಯ ಪ್ರಾರ್ಥನಾ ಪುಸ್ತಕಕ್ಕೆ ಸೇರಿಕೊಂಡಿತ್ತು. ಗಮನಾರ್ಹವಾದ ಸಂಗತಿಯೆಂದರೆ, 1662ರ ಅದೇ ಪುಸ್ತಕದಲ್ಲಿ ಸಮೃದ್ಧಿಗಾಗಿ ಹೇಳುವ ಒಂದು ಕಿರಿಯ ಸ್ತೋತ್ರವಿದ್ದರೂ ಸುಗ್ಗಿಗೆಂದು ಪ್ರತ್ಯೇಕ ಆರಾಧನೆಯಿರಲಿಲ್ಲ. ಧರ್ಮಸುಧಾರಣೆಯ ಕಾಲದಲ್ಲಿ ಅನೇಕ ಹಬ್ಬದ ದಿನಗಳು ಲೋಪವಾದ ಮೇಲೆ ಶರತ್ಕಾಲದ ಆನಂದ ಬಹುಮಟ್ಟಿಗೆ ಚರ್ಚಿನ ಹೊರಗೆ, ಹೊಲದಲ್ಲಿಯೂ ಬೇಸಾಯಗಾರನ ಮನೆಯಲ್ಲಿಯೂ ಉಳಿದುಕೊಂಡಿತು.

ಹೊಲದ ಆ ಆಚರಣೆಗಳಲ್ಲಿ ಎರಡನ್ನು ಇಲ್ಲಿ ಮುಖ್ಯವಾಗಿ ಹೇಳಬೇಕು. ಒಂದು, ಸುಗ್ಗಿಯ ಕೊನೆಯ ಬಂಡಿ ಮನೆಗೆ ಬಂದಾಗ ನಡೆಯುತ್ತಿದ್ದ ಔತಣ. ಕೊಯ್ಲಿನ ಆಳುಗಳು ತಮ್ಮಲ್ಲೊಬ್ಬನನ್ನು ‘ಸುಗ್ಗಿಯ ದೊರೆ’ ಎಂದು ಆರಿಸಿಕೊಂಡು ಅವನ ಮೂಲಕ ಬೇಸಾಯಗಾರನೊಡನೆ ಕೂಲಿಯ ಕರಾರು ಮಾಡಿಕೊಳ್ಳುವ ರೂಢಿ ಪೂರ್ವದ ಸೀಮೆಗಳಲ್ಲಿ ಇದ್ದಿತು. ಕೊನೆಯ ಔತಣವೂ ಆ ಕರಾರಿನ ಒಂದು ಅಂಗವೇ. ಒಡೆಯನೂ ಆಳುಗಳೂ ಅಂದು ಒಂದೇ ಮೇಜಿನಲ್ಲಿ ಕುಳಿತು ಮಾಂಸವನ್ನೂ ಬಿಯರನ್ನೂ ಸೇವಿಸುತ್ತಿದ್ದರು. ಎರಡನೆಯದು ಹಕ್ಕಲಾಯುವ ಪದ್ಧತಿ. ಕಟ್ಟುಗಳನ್ನು ಸಾಗಿಸಿದ ಬಳಿಕ ಹೊಲದಲ್ಲಿ ಉದುರಿ ಉಳಿದ ತೆನೆಗಳನ್ನು ಬಡ ಹೆಂಗಸರೂ ಮಕ್ಕಳೂ ಆಯ್ದುಕೊಳ್ಳುತ್ತಿದ್ದರು. ಚಳಿಗಾಲದ ಹಲವು ವಾರಗಳ ರೊಟ್ಟಿಗೆ ಅದರಿಂದ ಹಿಟ್ಟಾಗುತ್ತಿತ್ತು. ಅನೇಕ ಪ್ಯಾರಿಷ್‌ಗಳಲ್ಲಿ ಇದಕ್ಕಾಗಿ ಚರ್ಚಿನ ಗಂಟೆಯನ್ನೇ ಬಾರಿಸುತ್ತಿದ್ದರು. ಬೆಳಗಿನ ಗಂಟೆಗೆ ಮುಂಚೆ ಯಾರೂ ಹೊಲಕ್ಕೆ ಇಳಿಯುವಂತಿಲ್ಲ, ಸಂಜೆಯ ಗಂಟೆಯ ಬಳಿಕ ಯಾರೂ ನಿಲ್ಲುವಂತಿಲ್ಲ. ಬಲಿಷ್ಠರು ಮುಂದಾಗಿ ದುರ್ಬಲರ ಪಾಲನ್ನು ಕಸಿಯದಂತೆ ನೋಡಿಕೊಳ್ಳಲು ಮಾಡಿದ್ದ ಏರ್ಪಾಡು ಇದು.

ನಮ್ಮ ನಾಡಿನ ಓದುಗರಿಗೆ ಇದರ ಮರ್ಮ ಬೇಗನೆ ತಿಳಿಯುತ್ತದೆ. ಕಣದಲ್ಲಿ ರಾಶಿಯಾದಾಗ ಕಮ್ಮಾರ, ಬಡಗಿ, ಅಗಸ ಮೊದಲಾದ ಆಯಗಾರರಿಗೆ ಸಲ್ಲುತ್ತಿದ್ದ ಆಯವನ್ನು ಯಾರೂ ಭಿಕ್ಷೆಯೆಂದು ಕರೆಯುತ್ತಿರಲಿಲ್ಲ. ಅದು ಅವರಿಗೆ ಸಲ್ಲಬೇಕಾದ ಪಾಲು. ಬೈಬಲ್ಲಿನ ರೂತಳ ಕಥೆಯನ್ನು ಬಲ್ಲ ಇಂಗ್ಲೆಂಡಿನ ಬಡವರು ಹಕ್ಕಲನ್ನು ಇದೇ ರೀತಿಯಲ್ಲಿ ತಮ್ಮ ಹಕ್ಕೆಂದು ಭಾವಿಸಿದ್ದರು. ಆದರೆ 1788ರಲ್ಲಿ, ಸ್ಟೀಲ್ ಮತ್ತು ಹೌಟನ್ ಎಂಬವರ ನಡುವಣ ವ್ಯಾಜ್ಯದಲ್ಲಿ, ಹಕ್ಕಲಾಯುವುದಕ್ಕೆ ದೇಶದ ಸಾಮಾನ್ಯ ಕಾನೂನಿನ ಆಧಾರವಿಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ತೀರ್ಪಿನ ಬಳಿಕವೂ ರೂಢಿ ಬಹು ಕಡೆ ಮುಂದುವರಿಯಿತೆಂಬುದು ನಿಜ. ಆದರೂ ಹಕ್ಕಾಗಿದ್ದುದು ಕಾನೂನಿನ ದೃಷ್ಟಿಯಲ್ಲಿ ದಯೆಯಾಯಿತು.

ಮುಂದಿನ ಅರ್ಧ ಶತಮಾನದಲ್ಲಿ ಹಳೆಯ ಬಂಧಗಳು ಒಂದೊಂದಾಗಿ ಸಡಿಲವಾದವು. ಊರೊಟ್ಟಿನ ಭೂಮಿಗೆ ಬೇಲಿ ಬಿದ್ದಿತು. ದಕ್ಷಿಣದ ಮತ್ತು ಪೂರ್ವದ ಸೀಮೆಗಳಲ್ಲಿ ಒಡೆಯನ ಮನೆಯಲ್ಲಿಯೇ ಉಂಡು ಮಲಗುತ್ತಿದ್ದ ಆಳು ವಾರದ ಕೂಲಿಯವನಾದನು. 1830ರಲ್ಲಿ ‘ಕ್ಯಾಪ್ಟನ್ ಸ್ವಿಂಗ್’ ಎಂಬ ಕಲ್ಪಿತ ಹೆಸರಿನಲ್ಲಿ ಬೆದರಿಕೆಯ ಓಲೆಗಳು ಹುಟ್ಟಿಕೊಂಡವು. ಒಕ್ಕುವ ಯಂತ್ರಗಳು ಪುಡಿಯಾದವು, ಬಣವೆಗಳು ಉರಿದವು. ಆ ದಂಗೆ ಬಲಗೊಂಡದ್ದೂ ಶರತ್ಕಾಲದಲ್ಲಿಯೇ ಎಂಬುದನ್ನು ಮರೆಯಬಾರದು. ಒಕ್ಕಣೆ ಕೂಲಿಕಾರನಿಗೆ ಚಳಿಗಾಲದ ಜೀವನಾಧಾರ. ಯಂತ್ರ ಕಸಿದುಕೊಂಡದ್ದು ಅದನ್ನೇ. 1834ರ ಹೊಸ ಬಡವರ ಕಾನೂನು ದಿಕ್ಕಿಲ್ಲದವರ ಪೋಷಣೆಯನ್ನು ಪ್ಯಾರಿಷಿನ ಕೈಯಿಂದ ತೆಗೆದು, ಹಲವು ಪ್ಯಾರಿಷ್‌ಗಳ ಒಕ್ಕೂಟಕ್ಕೂ ಅದರ ದುಡಿಮೆಮನೆಗೂ ಒಪ್ಪಿಸಿತು. 1836ರ ಕಾನೂನು ಧಾನ್ಯರೂಪದ ದಶಮಾಂಶವನ್ನು ನಗದು ಸಲ್ಲಿಕೆಯಾಗಿ ಮಾರ್ಪಡಿಸಿತು. ಗೋಧಿ, ಬಾರ್ಲಿ, ಓಟ್ಸ್‌ಗಳ ಏಳು ವರ್ಷದ ಸರಾಸರಿ ಬೆಲೆಯೇ ಅದರ ಅಳತೆ. ಇದರಿಂದ ಬೇಸಾಯಗಾರನಿಗೂ ಪಾದ್ರಿಗೂ ನಡುವೆ ಪ್ರತಿವರ್ಷ ನಡೆಯುತ್ತಿದ್ದ ಜಗಳ ಕಡಿಮೆಯಾಯಿತು. ಆದರೆ ಹೊಲದ ಕಾಳು ಸಭೆಯ ಕಣಜಕ್ಕೆ ಬರುವ ದಾರಿಯೂ ಮುಚ್ಚಿತು.

ಈ ಹಿನ್ನೆಲೆಯಲ್ಲಿ ಕಾರ್ನ್‌ವಾಲ್ ಪ್ರಾಂತದ ಮಾರ್ವೆನ್‌ಸ್ಟೋ ಎಂಬ ಕಡಲಂಚಿನ ಪ್ಯಾರಿಷಿನ ಸಂಗತಿಯನ್ನು ಕಾಣಬೇಕು. ಅಲ್ಲಿಯ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ (1803–1875) ಕವಿ, ವಿಲಕ್ಷಣ ಸ್ವಭಾವದವನು, ದಯಾಳು. ಹಡಗು ಒಡೆದು ದಡಕ್ಕೆ ಬಂದ ಅಪರಿಚಿತ ನಾವಿಕರ ಶವಗಳಿಗೆ ತನ್ನ ಚರ್ಚಿನ ಅಂಗಳದಲ್ಲಿ ಕ್ರಮವಾದ ಸಂಸ್ಕಾರ ಮಾಡಿಸಿದವನು. 1843ರಲ್ಲಿ ಅವನು ತನ್ನ ಪ್ಯಾರಿಷಿನವರಿಗೆ ಒಂದು ಪ್ರಕಟಣೆ ಹೊರಡಿಸಿ, ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಎಲ್ಲರೂ ಕೂಡಿ ಹೊಸ ಗೋಧಿಯ ರೊಟ್ಟಿಯಿಂದ ಪ್ರಭುಭೋಜನವನ್ನು ಸ್ವೀಕರಿಸಬೇಕೆಂದು ಕರೆದನು. ಹಳೆಯ ಲ್ಯಾಮಸ್ ದಿನದ ಪದ್ಧತಿಯನ್ನು ಮತ್ತೆ ಎತ್ತಿ ನಿಲ್ಲಿಸುವುದು ಅವನ ಉದ್ದೇಶ. ಆದರೆ ಅವನು ಆಗಸ್ಟ್ 1ನ್ನು ಆರಿಸಿಕೊಳ್ಳಲಿಲ್ಲ. ಕೊಯ್ಲು ಮುಗಿದ ಶರತ್ಕಾಲದ ಭಾನುವಾರವನ್ನು ಆರಿಸಿಕೊಂಡನು. ಹಬ್ಬದ ಈಗಿನ ಕಾಲನಿರ್ಣಯಕ್ಕೆ ಇದೇ ಮೇಲ್ಪಂಕ್ತಿ. ದಶಮಾಂಶದ ಧಾನ್ಯ ನಿಂತುಹೋಗುವ ಕಾನೂನು ಬಂದ ಏಳು ವರ್ಷಗಳಿಗೆ ಧಾನ್ಯವು ಕಾಣಿಕೆಯ ರೂಪದಲ್ಲಿ ಚರ್ಚಿಗೆ ಮರಳಿ ಬಂದುದು ಬರಿಯ ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಬಲಾತ್ಕಾರದ ಸಲ್ಲಿಕೆಯಾಗಿದ್ದಾಗ ಅದರಲ್ಲಿ ಕಹಿಯಿತ್ತು; ಆ ಕಹಿ ಕಳೆದ ಮೇಲೆಯೇ ಅದು ಸ್ತುತಿಯ ಕುರುಹಾಗಬಲ್ಲುದಾಯಿತು.

ಒಂದು ಪ್ಯಾರಿಷಿನ ಪದ್ಧತಿ ದೇಶವ್ಯಾಪಿಯಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕ್ಷಾಮದ ಬಳಿಕ ಬಂದ ಒಳ್ಳೆಯ ಬೆಳೆಗಾಗಿ 1847ರಲ್ಲಿಯೂ, ಮತ್ತೆ 1854ರಲ್ಲಿಯೂ, ದೇಶದಾದ್ಯಂತ ಕೃತಜ್ಞತಾ ಸ್ತುತಿ ನಡೆಯಿತು. 1857ರಲ್ಲಿ ಸಾಮರ್ಸೆಟ್ ಪ್ರಾಂತದ ಈಸ್ಟ್ ಬ್ರೆಂಟ್‌ನಲ್ಲಿ ಪಾದ್ರಿ ಜಾರ್ಜ್ ಆಂಥೊನಿ ಡೆನಿಸನ್ ಇಡೀ ಪ್ಯಾರಿಷಿಗೆ ಒಂದೇ ಸುಗ್ಗಿ ಉತ್ಸವವನ್ನು ಏರ್ಪಡಿಸಿದನು. ಪ್ರತಿಯೊಂದು ಬೇಸಾಯಗಾರನ ಮನೆಯಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಔತಣಕ್ಕೆ ಬದಲಾಗಿ ಆರಾಧನೆ, ಮೆರವಣಿಗೆ, ಡೇರೆಯ ಕೆಳಗೆ ಸಾಮೂಹಿಕ ಭೋಜನ, ಆಟಪಾಟಗಳು ಒಂದೇ ದಿನದಲ್ಲಿ ಕೂಡಿಬಂದವು. 1859ರಲ್ಲಿ ನವೆಂಬರ್ 5ರ ವಿಶೇಷ ಆರಾಧನೆ ಪ್ರಾರ್ಥನಾ ಪುಸ್ತಕದಿಂದ ಹೊರಬಿದ್ದಿತು. 1862ರಲ್ಲಿ ಕ್ಯಾಂಟರ್ಬರಿ ಪ್ರಾಂತದ ಧರ್ಮಾಧ್ಯಕ್ಷರ ಮತ್ತು ಪಾದ್ರಿಗಳ ಸಭೆ ಸುಗ್ಗಿಯ ಸ್ತುತಿಗೆಂದು ಒಂದು ಆರಾಧನಾ ಕ್ರಮವನ್ನು ಹೊರತಂದಿತು. ಮೂರು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಜೊತೆಯಲ್ಲಿಟ್ಟು ನೋಡಬೇಕು. ಕ್ಯಾಥೊಲಿಕರ ಮೇಲಣ ದ್ವೇಷವನ್ನು ವರ್ಷವರ್ಷವೂ ಕೆದಕುತ್ತಿದ್ದ ಆಚರಣೆ ಶರತ್ಕಾಲದ ಆರಾಧನೆಯಿಂದ ಮರೆಯಾಯಿತು; ಯಾರನ್ನೂ ಹಗೆಯೆಂದು ಗುರುತಿಸದ ಆಚರಣೆಯೊಂದು ಆ ಋತುವಿನಲ್ಲಿ ನೆಲೆಗೊಂಡಿತು.

ಹಬ್ಬದ ಪ್ರಸಾರಕ್ಕೆ ಕೀರ್ತನೆಗಳೂ ನೆರವಾದವು. ಹೆನ್ರಿ ಆಲ್ಫರ್ಡನು 1844ರಲ್ಲಿ ಪ್ರಕಟಿಸಿದ ಸುಗ್ಗಿಯ ಕೀರ್ತನೆ ಇಂದಿಗೂ ಬಳಕೆಯಲ್ಲಿದೆ. 1861ರಲ್ಲಿ ಜೇನ್ ಕ್ಯಾಂಪ್‌ಬೆಲ್ ಎಂಬಾಕೆ ಇಂಗ್ಲಿಷಿಗೆ ತಂದ ಮತ್ತೊಂದು ಕೀರ್ತನೆಯ ಮೂಲ 1782ರ ಜರ್ಮನ್ ಗೀತೆ. ಮತ್ತಿಯಾಸ್ ಕ್ಲೌಡಿಯಸ್ ಕವಿ ಅದನ್ನು ಚರ್ಚಿಗಾಗಿ ಬರೆದಿರಲಿಲ್ಲ. ರೈತರ ಮನೆಯ ಉತ್ಸವವೊಂದರ ವರ್ಣನೆಯಲ್ಲಿ ರೈತರು ಹಾಡುವ ಹಾಡಾಗಿ ರಚಿಸಿದ್ದನು. ರೈತನ ಮನೆಯ ಹಾಡು ದೇವರ ಮನೆಯ ಹಾಡಾದುದು ಈ ಹಬ್ಬದ ಒಟ್ಟು ಚರಿತ್ರೆಗೆ ಒಪ್ಪುವ ನಿದರ್ಶನವಾಗಿದೆ.

ಇದರಿಂದ ಪ್ಯಾರಿಷಿಗೆ ಆದ ಲಾಭ ಅಲ್ಪವಲ್ಲ. 1851ರ ಧಾರ್ಮಿಕ ಜನಗಣತಿಯಲ್ಲಿ ಚರ್ಚಿಗೆ ಹೋದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಇಂಗ್ಲೆಂಡಿನ ಸಭೆಯ ಹೊರಗಿನವರೆಂದು ಕಂಡುಬಂದಿತ್ತು. ಮೆಥೊಡಿಸ್ಟರೇ ಮೊದಲಾದವರೂ ಸುಗ್ಗಿಯ ಸ್ತುತಿಯನ್ನು ತಮ್ಮ ಪ್ರಾರ್ಥನಾಮಂದಿರಗಳಲ್ಲಿ ಕೈಗೊಂಡರು. ಆರಾಧನೆಯ ವಿಧಿಗಳ ಬಗ್ಗೆ ಆ ಕಾಲದಲ್ಲಿ ತೀವ್ರವಾದ ವಾದವಿವಾದಗಳಿದ್ದರೂ ತೆನೆಯನ್ನೂ ಹಣ್ಣನ್ನೂ ಕುರಿತು ವಿವಾದಕ್ಕೆ ಅಷ್ಟಾಗಿ ಅವಕಾಶವಿರಲಿಲ್ಲ. ಹಳೆಯ ಔತಣ ಕೊಯ್ಲಿನ ಗಂಡಾಳುಗಳಿಗೆ ಪ್ರಧಾನವಾಗಿತ್ತು. ಹೊಸ ಹಬ್ಬದಲ್ಲಿ ಚರ್ಚನ್ನು ಅಲಂಕರಿಸುವ ಕೆಲಸದಿಂದ ಚಹಾಕೂಟದ ಏರ್ಪಾಡಿನವರೆಗೆ ಹೆಂಗಸರ ಪಾತ್ರ ಹಿರಿದಾಯಿತು. ಸ್ವಂತ ಹೊಲವಿಲ್ಲದ ಕೂಲಿಕಾರನೂ ತನ್ನ ಹಿತ್ತಿಲಿನ ಕೋಸನ್ನೋ ಈರುಳ್ಳಿಯನ್ನೋ ತಂದಿಡಬಹುದಾಗಿತ್ತು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬೆಳೆಗಾಗಿ ದೇವರಿಗೆ ಕೃತಜ್ಞತೆ ಸಲ್ಲಿತು. ಬೆಳೆದವನಿಗೆ ಸಲ್ಲಬೇಕಾದುದು ಸಂದಿತೇ? ವಾರಿಕ್‌ಷೈರಿನ ಬಾರ್ಫರ್ಡ್ ಗ್ರಾಮದ ಕೂಲಿಕಾರನ ಮಗ ಜೋಸೆಫ್ ಆರ್ಚ್ 1898ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಬಾಲ್ಯದ ಒಂದು ಅನುಭವವನ್ನು ಹೇಳಿದ್ದಾನೆ. ಪ್ರಭುಭೋಜನದ ವೇಳೆಯಲ್ಲಿ ಅವನು ಚರ್ಚಿನ ಬಾಗಿಲಿನ ಬೀಗದ ಕಂಡಿಯಿಂದ ಇಣಿಕಿದನು. ಮೊದಲು ಜಮೀನುದಾರ ವೇದಿಕೆಯ ಬಳಿಗೆ ಹೋದನು, ಬಳಿಕ ಬೇಸಾಯಗಾರರು, ಆಮೇಲೆ ಅಂಗಡಿಯವರು, ಕಸುಬಿನವರು, ಎಲ್ಲರ ಕೊನೆಗೆ ಕೂಲಿಕಾರರು, ಅವನ ತಂದೆಯೂ ಅವರಲ್ಲೊಬ್ಬ. ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವ ಸ್ಥಳದಲ್ಲಿಯೂ ಸಾಲು ಬೇರೆಯಾಗಿತ್ತು. ಆ ಬಾಲಕನೇ ಮುಂದೆ ಮೆಥೊಡಿಸ್ಟ್ ಬೋಧಕನಾಗಿ, 1872ರಲ್ಲಿ ಕೃಷಿಕಾರ್ಮಿಕರ ರಾಷ್ಟ್ರೀಯ ಸಂಘವನ್ನು ಕಟ್ಟಿದನು. ಅದೇ ವರ್ಷ ಗ್ಲಾಸ್ಟರಿನ ಬಿಷಪ್ ಎಲಿಕಾಟ್ ಬೇಸಾಯಗಾರರ ಭೋಜನಕೂಟವೊಂದರಲ್ಲಿ ಮಾತನಾಡುತ್ತ, ಸಂಘದ ಪ್ರಚಾರಕರಿಗೆ ಕುದುರೆಗಳ ಕೊಳವೇ ತಕ್ಕ ಜಾಗವೆಂಬ ಅರ್ಥ ಬರುವಂತೆ ನುಡಿದನು. ಕೂಲಿಕಾರರು ಆ ಮಾತನ್ನು ಬಹುಕಾಲ ಮರೆಯಲಿಲ್ಲ.

ಎಲ್ಲ ಪಾದ್ರಿಗಳೂ ಅದೇ ಪಕ್ಷದವರಾಗಿದ್ದರೆಂದು ಹೇಳುವುದು ಸರಿಯಲ್ಲ. ಡೆವನ್ ಪ್ರಾಂತದ ಹಾಲ್ಬರ್ಟನ್ನಿನಲ್ಲಿ ಪಾದ್ರಿಯಾಗಿದ್ದ ಎಡ್ವರ್ಡ್ ಗರ್ಡಲ್‌ಸ್ಟನ್ 1866ರಲ್ಲಿ, ದನಗಳಿಗೆ ಪಿಡುಗು ಬಡಿದಿದ್ದಾಗ, ಆಳುಗಳನ್ನು ದನಗಳಿಗಿಂತ ಕಡೆಯಾಗಿ ಕಂಡುದಕ್ಕೆ ಇದು ದೈವದಂಡನೆಯಲ್ಲವೇ ಎಂದು ಬೇಸಾಯಗಾರರನ್ನೇ ಎದುರಿಗಿಟ್ಟುಕೊಂಡು ಬೋಧಿಸಿದನು. ಬಳಿಕ ನೂರಾರು ಕೂಲಿಕಾರ ಕುಟುಂಬಗಳನ್ನು ಹೆಚ್ಚು ಕೂಲಿ ದೊರೆಯುವ ಉತ್ತರದ ಸೀಮೆಗಳಿಗೆ ಕಳುಹಿಸಿಕೊಟ್ಟನು. ಊರಿನ ಬೇಸಾಯಗಾರರ ವೈರವನ್ನು ಅವನು ಕಟ್ಟಿಕೊಳ್ಳಬೇಕಾಯಿತು. ಅನ್ಯೋನ್ಯತೆ ಎಂದರೆ ಊಟದಲ್ಲಿ ಜೊತೆಯಾಗುವುದಷ್ಟೇ ಅಲ್ಲ, ನ್ಯಾಯಕ್ಕಾಗಿ ನಷ್ಟ ಸಹಿಸುವುದೂ ಹೌದೆಂಬುದನ್ನು ಅವನ ನಡತೆ ತೋರಿಸುತ್ತದೆ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1879ರ ಮಳೆಯಿಂದ ಬೆಳೆ ಕೆಟ್ಟಿತು, ಹೊರದೇಶದ ಗೋಧಿಯಿಂದ ಬೆಲೆ ಬಿದ್ದಿತು. ಕೊಯ್ಲಿನ ಯಂತ್ರ ಬಂದ ಮೇಲೆ ಹಕ್ಕಲೂ ಅದರ ಗಂಟೆಯೂ ಕ್ರಮೇಣ ಮೌನವಾದವು. ಹಬ್ಬ ಮಾತ್ರ ಉಳಿಯಿತು, ಹೊಲವಿಲ್ಲದ ನಗರಗಳಿಗೂ ಹಬ್ಬಿತು. ಕಾಣಿಕೆಯ ತರಕಾರಿ ಹಣ್ಣುಗಳು ಆಸ್ಪತ್ರೆಗಳಿಗೂ ಬಡವರಿಗೂ ಹೋಗತೊಡಗಿದವು. ಈಚಿನ ವರ್ಷಗಳಲ್ಲಿ ಡಬ್ಬಿಯ ಆಹಾರ ಆಹಾರ ಬ್ಯಾಂಕುಗಳಿಗೆ ಹೋಗುತ್ತಿದೆ. 1919ರಿಂದ ನವೆಂಬರ್ 11ರ ಯುದ್ಧಸ್ಮರಣೆ ಪ್ಯಾರಿಷಿನ ಶರತ್ಕಾಲಕ್ಕೆ ಮತ್ತೊಂದು ಗಂಭೀರ ದಿನವನ್ನು ಸೇರಿಸಿತು. ದಕ್ಷಿಣ ಭಾರತದಲ್ಲಿ ಆಂಗ್ಲಿಕನ್ ಸಭೆಯು ಮೆಥೊಡಿಸ್ಟ್ ಮೊದಲಾದ ಸಭೆಗಳೊಡನೆ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿತು. ಆ ಸಭೆಯ ಚರ್ಚುಗಳಲ್ಲಿ, ಕರ್ನಾಟಕದಲ್ಲಿಯೂ, ಸುಗ್ಗಿ ಹಬ್ಬದಂದು ಭಕ್ತರು ತಂದ ಕಾಯಿಪಲ್ಲೆ ಕೋಳಿಗಳನ್ನು ಹರಾಜುಹಾಕಿ ಬಂದ ಹಣವನ್ನು ಸಭೆಗೆ ಸಲ್ಲಿಸುವ ಪದ್ಧತಿ ನೆಲೆಯೂರಿದೆ.

ಮೇಲ್ಕಂಡ ಸಂಗತಿಗಳಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಸುಗ್ಗಿ ಹಬ್ಬವು ಒಡೆದುಹೋಗುತ್ತಿದ್ದ ಸಮುದಾಯವನ್ನು ಒಂದೆಡೆ ಕೂಡಿಸುವ ಪ್ರಾಮಾಣಿಕ ಪ್ರಯತ್ನವಾಗಿದ್ದಿತು. ಅದನ್ನು ಶ್ರೀಮಂತರ ಕಪಟವೆಂದು ತಳ್ಳಿಹಾಕುವುದು ಚರಿತ್ರೆಗೆ ಅಪಚಾರ. ಆದರೆ ಕರಾರಿನ ಔತಣ, ಹಕ್ಕಲು ಎಂಬ ಪಾಲುಗಳು ಕಳೆದುಹೋದ ಕಾಲದಲ್ಲಿಯೇ ಅದು ಬೆಳೆಯಿತು. ಆ ಪಾಲುಗಳನ್ನು ಮರಳಿ ಕೊಡಿಸುವ ಶಕ್ತಿ ಅದಕ್ಕಿರಲಿಲ್ಲ. ಆ ಕೆಲಸವನ್ನು ಕಾರ್ಮಿಕರ ಸಂಘವೂ, 1884ರಲ್ಲಿ ಹಳ್ಳಿಯ ಕೂಲಿಕಾರರಿಗೆ ದೊರೆತ ಮತದಾನದ ಹಕ್ಕೂ ಮಾಡಬೇಕಾಯಿತು. ನಮ್ಮ ಹಳ್ಳಿಗಳ ಕಣದ ಆಚರಣೆಗಳನ್ನೂ ಆಯದ ಪದ್ಧತಿಯನ್ನೂ ಅಭ್ಯಸಿಸುವ ವಿದ್ಯಾರ್ಥಿಗಳು ಇದೇ ಪ್ರಶ್ನೆಯನ್ನು ಕೇಳಿಕೊಂಡರೆ, ಅಂದರೆ ಯಾವ ಪಾಲು ಹಕ್ಕಾಗಿತ್ತು, ಯಾವುದು ದಾನವಾಯಿತು, ಯಾವಾಗ ಆಯಿತು ಎಂದು ಪರಿಶೀಲಿಸಿದರೆ, ಹಬ್ಬಗಳ ಚರಿತ್ರೆ ದುಡಿಯುವವರ ಚರಿತ್ರೆಯೂ ಆಗಬಲ್ಲುದು.