ಮರೆವಿನ ವ್ಯಾಧಿಯೂ ಸೃಜನಶೀಲ ಸಾಹಚರ್ಯವೂ: ಗೌರಸಮುದ್ರದ ಸೀಮೆಯಿಂದ ಒಂದು ವಿಚಾರ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವು ಮಾರಮ್ಮನ ಜಾತ್ರೆಯಿಂದ ಪ್ರಸಿದ್ಧವಾದ ಗ್ರಾಮ. ಜಾತ್ರೆ ನಡೆಯುವ ತುಂಬಲಿನ ಬಯಲಿನಲ್ಲಿ ಈರುಳ್ಳಿಯನ್ನು ತೂರಿ ಹರಕೆ ತೀರಿಸುವ ಭಕ್ತಸಮೂಹದಲ್ಲಿ ಕನ್ನಡವೂ ತೆಲುಗೂ ಕೇಳಿಬರುತ್ತವೆ. ಮ್ಯಾಸಬೇಡ, ಕಾಡುಗೊಲ್ಲ ಸಮುದಾಯದವರು ತಮ್ಮ ವೀರರ ಚರಿತ್ರೆಯನ್ನು ಗ್ರಂಥಕ್ಕೆ ಒಪ್ಪಿಸದೆ ಕಂಠದಲ್ಲಿಯೇ ಕಾಪಾಡಿಕೊಂಡು ಬಂದ ಈ ನಾಡಿನಲ್ಲಿ, ವೃದ್ಧಾಪ್ಯದಲ್ಲಿ ಸ್ಮೃತಿಯನ್ನು ಅಪಹರಿಸುವ ಡಿಮೆನ್ಷಿಯಾ ಎಂಬ ವ್ಯಾಧಿಯ ಪ್ರಶ್ನೆಯು ನಗರದ ಆಸ್ಪತ್ರೆಗಳಲ್ಲಿ ತೋರುವುದಕ್ಕಿಂತ ಭಿನ್ನವಾಗಿ ತೋರುತ್ತದೆ. ಹಾಡು, ಕಥೆ, ಕೈಗೆಲಸಗಳ ಮೂಲಕ ಇಂತಹ ವೃದ್ಧರೊಡನೆ ಬೆರೆಯುವ ಪದ್ಧತಿಗೆ ಬೇಕಾದ ದ್ರವ್ಯವು ಇಲ್ಲಿ ಪೂರ್ವದಿಂದಲೂ ಸಿದ್ಧವಾಗಿಯೇ ಇದೆಯೆಂಬುದು ಈ ಲೇಖನದ ಪ್ರತಿಪಾದನೆ.

ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರನು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಆಗುಸ್ಟ್ ಡೀಟರ್ ಎಂಬ ಸ್ತ್ರೀಯನ್ನು ಪರೀಕ್ಷಿಸಿ, ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳಿನಲ್ಲಿ ಕಂಡ ವಿಕಾರಗಳನ್ನು 1906ರಲ್ಲಿ ವಿದ್ವತ್ಸಭೆಯೊಂದರ ಮುಂದಿಟ್ಟನು; 1910ರಲ್ಲಿ ಮನೋವೈದ್ಯ ಕ್ರೇಪೆಲಿನ್ ಡಿಮೆನ್ಷಿಯಾದ ಆ ಬಗೆಗೆ ಆಲ್ಝೈಮರನ ಹೆಸರನ್ನೇ ಕೊಟ್ಟನು. ಮಿದುಳಿನ ಶೋಧನೆ ಮಹತ್ತಾದುದೇ ಸರಿ. ಆದರೆ ಆ ಶೋಧನೆಯ ನೆರಳಿನಲ್ಲಿ ರೋಗಿಯೆಂಬ ವ್ಯಕ್ತಿ ಬಹುಕಾಲ ಮರೆಯಾಗಿ, ಉಣಿಸಿ ಉಡಿಸಿ ಮಲಗಿಸುವುದೇ ಶುಶ್ರೂಷೆಯ ಪರಮಾವಧಿಯೆಂಬ ಭಾವನೆ ಬೇರೂರಿತು. ಈ ಭಾವನೆಯನ್ನು ಅಲುಗಿಸಿದವರಲ್ಲಿ ಬ್ರಾಡ್‌ಫರ್ಡ್ ವಿಶ್ವವಿದ್ಯಾನಿಲಯದ ಟಾಮ್ ಕಿಟ್‌ವುಡ್ ಅಗ್ರಗಣ್ಯನು. 1997ರ ತನ್ನ ಗ್ರಂಥದಲ್ಲಿ ಆತನು, ರೋಗಿಯ ಅವನತಿಗೆ ಮಿದುಳಿನ ಕ್ಷಯವೊಂದೇ ಕಾರಣವಲ್ಲವೆಂದೂ, ಸುತ್ತಲಿನವರು ಆತನನ್ನು ಮಗುವಿನಂತೆ ಗದರಿಸುವುದು, ಎದುರಿಗಿದ್ದರೂ ಇಲ್ಲದವನೆಂಬಂತೆ ಮಾತನಾಡುವುದು, ಕೈಲಾಗುವ ಕೆಲಸವನ್ನೂ ಕಸಿದುಕೊಳ್ಳುವುದು ಇವೂ ವ್ಯಕ್ತಿತ್ವವನ್ನು ಸವೆಸುತ್ತವೆಂದೂ ತೋರಿಸಿದನು. ನಮ್ಮ ಮನೆಗಳಲ್ಲಿ ಅರಳುಮರಳೆಂದು ನಕ್ಕು ಸುಮ್ಮನಾಗುವ ವಾಡಿಕೆಗೂ ಈ ಮಾತು ತಾಕುತ್ತದೆ. ಪ್ರೀತಿ ಧಾರಾಳವಾಗಿರುವ ಮನೆಯಲ್ಲಿಯೂ ಈ ಸವೆತ ನಡೆಯುವುದೆಂಬುದೇ ದುಃಖದ ಸಂಗತಿ. ಅದೇ ದಶಕದಲ್ಲಿ ಅಮೆರಿಕದ ಆನ್ ಬೇಸ್ಟಿಂಗ್ ಎಂಬಾಕೆ ವೃದ್ಧರ ಮುಂದೆ ಒಂದು ಚಿತ್ರವನ್ನಿಟ್ಟು, ಅವರು ಆಡಿದ ಪ್ರತಿಯೊಂದು ನುಡಿಯನ್ನೂ ಬರೆದುಕೊಂಡು, ಕಥೆಯಾಗಿ ಅವರಿಗೇ ಓದಿ ಹೇಳುವ ಕ್ರಮವನ್ನು ಆರಂಭಿಸಿದಳು. ನೆನಪನ್ನು ಬೇಡದೆ ಕಲ್ಪನೆಯನ್ನು ಆಹ್ವಾನಿಸುವುದರಿಂದ ಅಲ್ಲಿ ತಪ್ಪುತ್ತರವೆಂಬುದೇ ಇರಲಿಲ್ಲ.

ಭಾರತದಲ್ಲಿ ಈ ವ್ಯಾಧಿಗಾಗಿಯೇ ಮೀಸಲಾದ ಸಂಸ್ಥೆ 1992ರಲ್ಲಿ ಕೇರಳದಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮುಂದೆ ಕಸ್ತೂರಿನಗರದಲ್ಲಿ ಇಂತಹ ರೋಗಿಗಳಿಗೆಂದೇ ಒಂದು ಕೇಂದ್ರವನ್ನು ತೆರೆಯಿತು. 2023ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ದೇಶದ ಅರುವತ್ತು ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 7.4ರಷ್ಟು, ಅಂದರೆ 88 ಲಕ್ಷ ಮಂದಿ ಈ ವ್ಯಾಧಿಪೀಡಿತರು. ಗ್ರಾಮಗಳಲ್ಲಿ ಪ್ರಮಾಣ ನಗರಗಳಿಗಿಂತ ಅಧಿಕ. ಆರೈಕೆಯ ಕೇಂದ್ರಗಳಾದರೋ ಬಹುಪಾಲು ನಗರಗಳಲ್ಲಿಯೇ ಇವೆ.

ಚಳ್ಳಕೆರೆಯ ಸೀಮೆಗೆ ಬಂದಾಗ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ನೆನಪು ಅನಿವಾರ್ಯವಾಗಿ ಬರುತ್ತದೆ. ಅಕ್ಷರವನ್ನರಿಯದ ಆ ತಾಯಿಯ ಕಂಠದಲ್ಲಿ ಸಹಸ್ರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರಂತಹ ವಿದ್ವಾಂಸರು ಆಕೆಯ ಎದುರು ಕುಳಿತು ಅವನ್ನು ಬರೆದುಕೊಂಡರು. ಇಂತಹ ಕಂಠಸ್ಥ ಹಾಡುಗಳು ಮರೆವಿನ ವ್ಯಾಧಿಯಲ್ಲಿಯೂ ಬೇಗ ಅಳಿಯವು. ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗವು ಆಲ್ಝೈಮರ್ ರೋಗದಲ್ಲಿ ಮೊದಲೇ ಕೆಡುವುದರಿಂದ ಇಂದಿನ ಬೆಳಗಿನ ಊಟ ಮರೆತುಹೋಗುತ್ತದೆ. ಆದರೆ ಬಹುಕಾಲದಿಂದ ಹಾಡಿದ ಧಾಟಿಯೂ ಕೈ ಪಳಗಿದ ಕಸುಬೂ ಬೇರೆ ಭಾಗಗಳನ್ನು ಆಶ್ರಯಿಸಿರುವುದರಿಂದ ಹೆಚ್ಚು ಕಾಲ ಉಳಿಯುತ್ತವೆ. ಆದುದರಿಂದ ಕಾಗದ ಕುಂಚಗಳನ್ನೇ ಹಿಡಿಯದ ಅಜ್ಜಿಗೆ ಬಣ್ಣದ ಡಬ್ಬಿಯನ್ನು ಕೊಡುವುದು ಕಲೆಯ ಹೆಸರಿನಲ್ಲಿ ಮತ್ತೊಂದು ಪರಕೀಯತೆಯನ್ನು ಹೇರಿದಂತಾದೀತು. ಕಾಡುಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಕೇಳುತ್ತ ಬೆಳೆದವನಿಗೆ ಗಣೆಯೆಂಬ ಕೊಳಲಿನ ನಾದ, ಮ್ಯಾಸಬೇಡನಿಗೆ ಉರುಮೆವಾದ್ಯದ ಪೆಟ್ಟು, ಕಂಬಳಿಯ ಮನೆಯವಳಿಗೆ ನೂಲಲು ಒಂದಿಷ್ಟು ಉಣ್ಣೆ, ಮೊಳಕಾಲ್ಮೂರಿನ ನೇಕಾರನಿಗೆ ಮಗ್ಗದ ಲಾಳಿ: ಸಾಧನವು ಆಯಾ ಬಾಳಿನೊಳಗಿಂದ ಬರತಕ್ಕದ್ದು. ಹಾಡನ್ನೇ ಎಂದೂ ಇಷ್ಟಪಡದ ಮುದುಕನಿಗೆ ಹಳ್ಳಿಯವನೆಂಬ ಕಾರಣಕ್ಕೆ ಜನಪದಗೀತೆಯನ್ನು ಕೇಳಿಸುವುದೂ ತಪ್ಪೇ. ಹಾಡು ನಡುವೆ ನಿಂತಾಗ ಮುಂದಿನ ಸೊಲ್ಲೇನೆಂದು ಕೇಳಿ ಪರೀಕ್ಷಿಸಬಾರದು. ಹಿಮ್ಮೇಳದವರಂತೆ ಆ ಸೊಲ್ಲನ್ನು ತಾವೇ ಎತ್ತಿಕೊಟ್ಟು, ಹಾಡುವವರು ಹೊಸ ಸೊಲ್ಲನ್ನು ಕಟ್ಟಿದರೆ ಅದನ್ನೂ ಹಾಡಿನೊಳಗೆ ಸೇರಿಸಿಕೊಳ್ಳಬೇಕು. ಹಾಡುಗಾರಿಕೆಯಲ್ಲಿ ಕೂಡಿಸುವುದೂ ಬಿಡುವುದೂ ಎಂದಿನಿಂದಲೂ ಸಲ್ಲುವ ರೂಢಿಯಾದ್ದರಿಂದ ಬೇಸ್ಟಿಂಗಳ ಕ್ರಮವು ಇಲ್ಲಿ ಅಪರಿಚಿತವೆನಿಸದು.

ಭಾಷೆಯ ವಿಚಾರವು ಇನ್ನೂ ಸೂಕ್ಷ್ಮವಾದುದು. ನರರೋಗತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಫಲಿತದಂತೆ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ವ್ಯಾಧಿಯು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತು. ನಿರಕ್ಷರಿಗಳಲ್ಲಿಯೂ ಈ ಅಂತರ ಕಂಡುಬಂದಿತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡವೆಂದು ಬಾಳಿದ ಗೌರಸಮುದ್ರದ ಸುತ್ತಿನವರಿಗೆ ಇದು ಗಮನಾರ್ಹವಾದ ಸಂಗತಿ. ವ್ಯಾಧಿ ಬಂದ ಮೇಲೂ ಈ ಎರಡರಲ್ಲಿ ಯಾವ ನುಡಿಯಲ್ಲಿ ಮಾತನಾಡಿಸುವುದೆಂಬುದು ಮುಖ್ಯ. ಶುಶ್ರೂಷೆಗೆ ಬಂದ ಕಾರ್ಯಕರ್ತೆಯು ಕನ್ನಡದಲ್ಲಿ ಕೇಳಿದ್ದಕ್ಕೆ ವೃದ್ಧೆ ಮೌನವಾಗಿದ್ದರೆ, ಆಕೆ ಎಲ್ಲವನ್ನೂ ಮರೆತಳೆಂದು ಕಡತದಲ್ಲಿ ಬರೆಯುವುದಕ್ಕೆ ಮುಂಚೆ, ಎಳವೆಯಲ್ಲಿ ತಾಯಿ ಆಕೆಯನ್ನು ಯಾವ ನುಡಿಯಲ್ಲಿ ಕರೆಯುತ್ತಿದ್ದಳೆಂಬುದನ್ನು ಮನೆಯವರಿಂದ ಕೇಳಿ ತಿಳಿದು, ಆ ನುಡಿಯಲ್ಲಿ ಮತ್ತೊಮ್ಮೆ ಮಾತನಾಡಿಸಿ ನೋಡಬೇಕು.