ಬಾನೆಟ್ ಎತ್ತುವ ವಿದ್ಯೆ

ನಾವು ವಾಸವಾಗಿರುವ ಫರೀದಾಬಾದು ಯಂತ್ರಗಳನ್ನು ನಂಬಿ ಬೆಳೆದ ಊರು. ದೇಶವಿಭಜನೆಯ ನಂತರ ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರಿಗಾಗಿ 1949ರಲ್ಲಿ ಇಲ್ಲಿ ಹೊಸ ಪಟ್ಟಣ ಕಟ್ಟುವ ಕೆಲಸ ಮೊದಲಾಯಿತು. ಮುಂದೆ ಎಸ್ಕಾರ್ಟ್ಸ್ ಟ್ರ್ಯಾಕ್ಟರು, ರಾಜದೂತ್ ಮೋಟಾರುಸೈಕಲುಗಳು ಇಲ್ಲಿಯೂ, ಗುಡ್‌ಇಯರ್ ಟೈರುಗಳು ಪಕ್ಕದ ಬಲ್ಲಭಗಢದಲ್ಲಿಯೂ ತಯಾರಾದವು. ಊರಿನಲ್ಲಿ ಮಿಸ್ತ್ರಿಗಳಿಗೆ ಕೊರತೆಯಿರಲಿಲ್ಲ. ಆದರೂ ಹಿಂದೆ ಕಾರಿಟ್ಟವರು ತಮ್ಮ ಗಾಡಿಗೆ ಮೊದಲ ಮಿಸ್ತ್ರಿ ತಾವೇ ಆಗಿರುತ್ತಿದ್ದರು. ಆ ವಿದ್ಯೆ ನಮ್ಮ ಕೈಬಿಟ್ಟುಹೋದ ಬಗೆಯನ್ನು ನೆನೆಯುವುದೇ ಈ ಲೇಖನದ ಉದ್ದೇಶ.

1980ರ ದಶಕದ ಆರಂಭದವರೆಗೆ ನಮ್ಮ ರಸ್ತೆಗಳಲ್ಲಿ ಕಾರೆಂದರೆ ಹೆಚ್ಚಾಗಿ ಅಂಬಾಸಡರ್, ಇಲ್ಲವೆ ಫಿಯೆಟ್. ನಮ್ಮ ತಂದೆಯವರಲ್ಲಿ ಹಳೆಯದೊಂದು ಫಿಯೆಟ್ ಇತ್ತು. ಅದರ ಡಿಕ್ಕಿಯಲ್ಲಿ ಪ್ಲಗ್ ಪಾನಾ, ಉಪ್ಪುಕಾಗದ, ಒಂದು ಫ್ಯಾನ್ ಬೆಲ್ಟು, ನೀರಿನ ಡಬ್ಬ ಸದಾ ಇರುತ್ತಿದ್ದವು. ಗಾಡಿ ಸ್ಟಾರ್ಟ್ ಆಗದಿದ್ದರೆ ಅವರು ನೋಡುತ್ತಿದ್ದುದು ಎರಡೇ: ಕಿಡಿ ಬರುತ್ತಿದೆಯೆ, ಪೆಟ್ರೋಲು ಬರುತ್ತಿದೆಯೆ? ಕಿಡಿಯಿಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟು ಉಜ್ಜುವುದು. ಪೆಟ್ರೋಲು ಬಾರದಿದ್ದರೆ ಕಾರ್ಬ್ಯುರೇಟರಿನ ಜೆಟ್ ಬಿಚ್ಚಿ ಊದುವುದು. ಬೇಸಿಗೆಯಲ್ಲಿ ಎಂಜಿನ್ನಿನ ಕಾವಿಗೆ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಗಾಡಿ ನಿಂತರೆ, ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು.

1983ರ ಡಿಸೆಂಬರಿನಲ್ಲಿ ಗುಡಗಾಂವಿನಿಂದ ಮಾರುತಿ 800 ಹೊರಬಂತು. ಅದಕ್ಕೂ ಆಗ ಕಾರ್ಬ್ಯುರೇಟರೇ. ದೊಡ್ಡ ಬದಲಾವಣೆ ತಂದದ್ದು ದೆಹಲಿಯ ಹೊಗೆ. 1995ರಿಂದ ದೆಹಲಿ ಸೇರಿದಂತೆ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಅದರ ವೇಗವರ್ಧಕವನ್ನು ಕೆಡಿಸುವುದರಿಂದ ಸೀಸವಿಲ್ಲದ ಪೆಟ್ರೋಲು ಬಂತು. 2000ದ ಸುಮಾರಿಗೆ ಹೊಗೆಯ ಮಿತಿ ಬಿಗಿಯಾದಾಗ ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂತು. ಉಜ್ಜಲು ಪಾಯಿಂಟಿಲ್ಲ, ಊದಲು ಜೆಟ್ಟಿಲ್ಲ. ಗಾಡಿ ಕೆಡುವುದು ಕಡಿಮೆಯಾಯಿತು. ನಾವು ಬಾನೆಟ್ ಎತ್ತುವುದೂ ನಿಂತಿತು. ಇದಕ್ಕಾಗಿ ಮರುಗಬೇಕಿಲ್ಲ. ಮಕ್ಕಳು ಉಸಿರಾಡುವ ಗಾಳಿಯ ಮುಂದೆ ಪಾಯಿಂಟ್ ಉಜ್ಜುವ ಹೆಮ್ಮೆ ದೊಡ್ಡದಲ್ಲ.

ಆದರೆ ಅದರೊಂದಿಗೆ ಬಿಡಬಾರದ್ದನ್ನೂ ಬಿಟ್ಟೆವು. ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಮಗಳನ್ನು ಪರೀಕ್ಷೆಗೆ ಕರೆದೊಯ್ಯುವಾಗ ಬದರಪುರದ ಬಳಿ ನಮ್ಮ ಕಾರಿನ ಉಷ್ಣತೆಯ ಮುಳ್ಳು ಏರಿತು. ಕೂಲಂಟಿನ ಡಬ್ಬಿ ಬರಿದಾಗಿತ್ತು. ತಿಂಗಳುಗಟ್ಟಲೆ ನಾವು ಅದನ್ನು ನೋಡಿಯೇ ಇರಲಿಲ್ಲ. ತಂದೆಯವರಾಗಿದ್ದರೆ ನೆರಳಿಗೆ ನಿಲ್ಲಿಸಿ, ಎಂಜಿನ್ ಆರುವವರೆಗೆ ಕಾಯುತ್ತಿದ್ದರು. ನಾವು ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದೆವು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದು. ಒತ್ತಡ ಇಳಿದೊಡನೆ ಒಮ್ಮೆಗೇ ಕುದಿದು ಚಿಮ್ಮುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ ಈ ಪಾಠ ನೆನಪಾದದ್ದು ಬಲಗೈ ಸುಟ್ಟ ಮೇಲೆ. ಮಗಳು ಇಳಿದು ಪಕ್ಕಕ್ಕೆ ಬಂದಿರಲಿಲ್ಲ, ಅದೇ ಪುಣ್ಯ.

ಇಂದಿನ ಕಾರಿನಲ್ಲಿಯೂ ಒಡೆಯನ ಪಾಲಿಗೆ ಕೆಲವು ಕೆಲಸಗಳು ಉಳಿದಿವೆ. ಎಂಜಿನ್ ತಣ್ಣಗಿರುವಾಗ ಕೂಲಂಟಿನ ಮಟ್ಟ ನೋಡುವುದು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕಡ್ಡಿ ಎಳೆದು ಆಯಿಲ್ ನೋಡುವುದು. ಟೈರುಗಳಿಗೆ, ಮರೆಯದೆ ಸ್ಟೆಪ್ನಿಗೂ, ಗಾಳಿ ಹಿಡಿಸುವುದು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದೆಯೆ ಎಂದು ಗಮನಿಸುವುದು. ಮುಳ್ಳು ಏರಿದರೆ ನಿಲ್ಲಿಸಿ, ಎಂಜಿನ್ ಆರಿಸಿ, ಕಾಯುವುದು. ಇಷ್ಟಕ್ಕೆ ತಿಂಗಳಿಗೆ ಕಾಲು ಗಂಟೆ ಸಾಕು.

ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲ ಭಾನುವಾರ ಮಗಳೇ ಬಾನೆಟ್ ಎತ್ತುತ್ತಾಳೆ. ನಾವು ಪಕ್ಕದಲ್ಲಿ ನಿಂತು ತಾತನ ಫಿಯೆಟ್ಟಿನ ಕಥೆ ಹೇಳುತ್ತೇವೆ.